ಮೇಲ್ಮಜಲಿನ ಹುರಿ

ನಮ್ಮೂರಿನಲ್ಲಿ ಅರ್ಧ ದಾರಿ ಅನ್ನುವುದು ಇರಲಿಲ್ಲ. ದೊಡ್ಡ ಬಂಡೆಗೆ ಒರಗಿಕೊಂಡ ಊರು. ಬುಡದಲ್ಲಿ ಪೇಟೆ, ಅದರ ಮೇಲೆ ಕೆಳಮಜಲು, ಇನ್ನೂ ಮೇಲೆ ನಡುಮಜಲು, ಎಲ್ಲಕ್ಕೂ ಮೇಲೆ ಮೇಲ್ಮಜಲು. ಇದ್ದರೆ ಈ ನಾಲ್ಕರಲ್ಲಿ ಯಾವುದಾದರೂ ಒಂದರಲ್ಲಿ ಇರಬೇಕು. ನಡುವೆ ಎಲ್ಲೋ ನಿಂತು ಸುಧಾರಿಸಿಕೊಂಡೆ, ಕಾಲು ಚಾಚಿ ಕೂತೆ ಅನ್ನುವ ಹಾಗಿಲ್ಲ. ಬಲ ಸಾಕಾದರೆ ಮೇಲೆ; ಕೂದಲೆಳೆಯಷ್ಟು ಕಡಿಮೆಯಾದರೂ ಇದ್ದಲ್ಲೇ. ಬಯಲಿನಿಂದ ಬಂದ ನೆಂಟರು ಇದನ್ನು ಕಂಡು ಹುಬ್ಬೇರಿಸುತ್ತಿದ್ದರು. ನಮಗೆ ಅವರ ಊರಿನ ಮೆಟ್ಟಿಲುಗಳೇ ಸೋಜಿಗ. ಒಂದೊಂದಾಗಿ ಹತ್ತುತ್ತ, ಬೇಕೆಂದಲ್ಲಿ ನಿಂತು ಹರಟೆ ಹೊಡೆಯುತ್ತ ಹೋಗುವುದನ್ನು ಮೊದಲ ಸಲ ಕಂಡಾಗ ನನಗೆ ನಗು ತಡೆಯಲಾಗಿರಲಿಲ್ಲ.

ಊರಿನವರಲ್ಲಿ ಎರಡು ಬಗೆ. ನಾವು ಹಗುರದವರು. ಬೆಳಗಾದರೆ ಕಣಿವೆಯಿಂದ ಗಾಳಿ ಏಳುತ್ತಿತ್ತು. ಬಣ್ಣದಲ್ಲಿ ಅದ್ದಿ ತೆಗೆದ ನೂಲಿನ ಒದ್ದೆ ಗಂಟನ್ನು ಹೆಗಲಿಗೇರಿಸಿಕೊಂಡು ಬಂಡೆಯ ಬುಡದಲ್ಲಿ ನಿಂತರೆ ಸಾಕು, ಗಾಳಿ ಬೆನ್ನಿಗೆ ಒಂದು ಪೆಟ್ಟು ಕೊಡುತ್ತಿತ್ತು. ಕಣ್ಣು ಬಿಟ್ಟರೆ ಮೇಲ್ಮಜಲು. ಅಲ್ಲಿ ಬಿಸಿಲು ಚೆನ್ನಾಗಿತ್ತು. ದಿನವಿಡೀ ನೂಲು ಹರಡುವುದು, ತಿರುವುವುದು, ಒಣಗಿದ್ದನ್ನು ಲಡಿ ಕಟ್ಟುವುದು ನಮ್ಮ ಕೆಲಸ. ತೊಂದರೆ ಇದ್ದದ್ದು ಇಳಿಯುವುದರಲ್ಲಿ. ಹತ್ತಿದ ಹಗುರದವರಿಗೆ ತಾವಾಗಿ ಇಳಿಯಲು ಬರುತ್ತಿರಲಿಲ್ಲ. ಎಷ್ಟು ಹೊತ್ತು ಕಾದರೂ ಅಷ್ಟೆ. ಅದಕ್ಕೆ ತೂಕದವರು ಬೇಕು.

ತೂಕದವರು ಪೇಟೆಯಲ್ಲಿ ಮಗ್ಗ ಹೂಡಿಕೊಂಡಿದ್ದ ಜನ. ಗಾಳಿ ಅವರ ಪಂಚೆ ಹಾರಿಸುತ್ತಿತ್ತೇ ಹೊರತು ಅವರನ್ನು ಎತ್ತುತ್ತಿರಲಿಲ್ಲ. ಸಂಜೆ ಅವರು ಬಂಡೆಯ ಬುಡಕ್ಕೆ ಬಂದು ನಿಲ್ಲುತ್ತಿದ್ದರು. ನಾವು ಮೇಲಿನಿಂದ ನೂಲಿನ ಹುರಿಯೊಂದನ್ನು ಇಳಿಬಿಡುತ್ತಿದ್ದೆವು. ಅವರು ಅದರ ತುದಿ ಹಿಡಿದರೆ ಮುಗಿಯಿತು, ನಾವು ಕೆಳಗೆ, ಅವರು ಮೇಲೆ. ಮೇಲ್ಮಜಲಿನಲ್ಲಿ ಅವರು ನಿಲ್ಲುವ ಹಾಸುಗಲ್ಲು ನಮ್ಮದಕ್ಕಿಂತ ಒಂದು ಬೆರಳು ಎತ್ತರ. ಹಾಗಾಗಿ ಹುರಿ ಹಿಡಿಯುವಾಗ ಒಂದು ಸಣ್ಣ ಕುಪ್ಪಳಿಕೆ ಹಾಕುತ್ತಿದ್ದರು. ದಪ್ಪ ಮೀಸೆಯ ಗಂಡಸರು ಮಕ್ಕಳ ಹಾಗೆ ಕುಪ್ಪಳಿಸುವುದನ್ನು ನೋಡುವುದೇ ಒಂದು ಚೆಂದ.

ಆಮೇಲೆ ಅವರು ಒಣಗಿದ ಲಡಿಗಳನ್ನು ಹೊತ್ತು ಇಳಿಯುತ್ತಿದ್ದರು. ಬೆಳಕು ಬರುತ್ತಿದ್ದದ್ದು ಆಗಲೇ. ಮೇಲ್ಮಜಲಿನಿಂದ ನಡುಮಜಲಿಗೆ ಇಳಿಯುವಾಗ ಅವರ ಮೈಯಿಂದ ಮಾಗಿದ ತೊಂಡೆಹಣ್ಣಿನಂಥ ಕೆಂಪು ಹೊಮ್ಮುತ್ತಿತ್ತು. ಒಬ್ಬನ ಕೆಂಪು ತಾಗಿದ್ದೇ ತಡ, ಮೇಲೆ ನಿಂತಿದ್ದ ಇನ್ನೊಬ್ಬನೂ ಹೊರಡುತ್ತಿದ್ದ. ಅದೇ ಹೆಜ್ಜೆ, ಅದೇ ದಿಕ್ಕು, ಅದೇ ಕೆಂಪು. ಮೇಲ್ಮಜಲಿನ ಎರಡು ತುದಿಗೂ ಹಿರಿಯರು ಆಳೆತ್ತರದ ಕನ್ನಡಿಗಳನ್ನು ನಿಲ್ಲಿಸಿದ್ದರು. ಬೆಳಕು ಅತ್ತಿಂದಿತ್ತ ಓಡಾಡಿ, ಉಳಿದವರನ್ನೆಲ್ಲ ಹೊರಡಿಸಿ, ಪಡುವಣ ತುದಿಯ ತೆಳು ಕನ್ನಡಿಯನ್ನು ಹಾಯ್ದು ಬಯಲಿನ ಮೇಲೆ ಹೊರಡುತ್ತಿತ್ತು. ದೀಪದ ಬೆಳಕಿನ ಹಾಗೆ ಚೆದುರುವ ಬೆಳಕಲ್ಲ. ದಾರ ಹಿಡಿದು ಎಳೆದ ಹಾಗೆ ಒಂದೇ ಗೆರೆ. ದೂರದ ಹಳ್ಳಿಯೊಂದರಲ್ಲಿ ಅದು ಕೆರೆಯ ತೂಬಿನ ಕಲ್ಲಿನ ಮೇಲೆ ಬೀಳುತ್ತಿತ್ತಂತೆ. ಅದನ್ನು ನೋಡಿಯೇ ಅಲ್ಲಿನ ಹೆಂಗಸರು ಒಲೆ ಹೊತ್ತಿಸುತ್ತಿದ್ದರಂತೆ.

ನಡುಮಜಲಿನಲ್ಲಿ ಯಾರೂ ಮನೆ ಕಟ್ಟಿರಲಿಲ್ಲ, ಅಲ್ಲಿ ಕಾಲೇ ನಿಲ್ಲುತ್ತಿರಲಿಲ್ಲ. ಇಳಿದವರು ಅಲ್ಲಿಂದ ಹಾಗೇ ಜಾರಿ ಕೆಳಮಜಲಿಗೆ ಬರುತ್ತಿದ್ದರು. ಕೆಳಮಜಲಿನಿಂದ ಪೇಟೆಗೆ ಬರಲು ಇದ್ದದ್ದು ಗೋಡೆಸಂದಿ. ಎರಡು ಕಡೆ ಕಲ್ಲಿನ ಗೋಡೆ. ಕೈ ಅಗಲಿಸಿದರೆ ಎರಡೂ ಅಂಗೈಗೆ ಸಿಗುವಷ್ಟು ಇಕ್ಕಟ್ಟು. ತೂಕದವರು ಆ ಗೋಡೆಗೆ ಕೈ ತಗಲಿಸಿದರೆ ಮೈಯಲ್ಲಿ ಉಳಿದಿದ್ದ ಎತ್ತರವೆಲ್ಲ ಕಲ್ಲಿಗೆ ಇಳಿದು ಪೇಟೆಗೆ ಬಂದುಬಿಡುತ್ತಿದ್ದರು. ತಲೆತಲಾಂತರದ ಕೈಗಳು ತಾಗಿ ಆ ಕಲ್ಲು ಎಣ್ಣೆ ಸವರಿದ ಹಾಗೆ ನುಣುಪಾಗಿತ್ತು, ಯಾವಾಗಲೂ ಬೆಚ್ಚಗಿರುತ್ತಿತ್ತು. ಚಳಿಗಾಲದಲ್ಲಿ ಬೆಕ್ಕುಗಳು ಅಲ್ಲೇ ಮಲಗುತ್ತಿದ್ದವು. ಪೇಟೆ ಮುಟ್ಟಿದವರು ಮತ್ತೆ ಬಂಡೆಯ ಬುಡಕ್ಕೆ ಓಡುತ್ತಿದ್ದರು. ಹಗುರದವರು ಬಹಳ, ತೂಕದವರು ಕಡಿಮೆ; ಒಬ್ಬೊಬ್ಬರೂ ಒಂದೇ ಸಂಜೆಗೆ ಹಲವು ಹುರಿ ಹಿಡಿಯಬೇಕಿತ್ತು.

ನಮ್ಮ ಬೀದಿಯ ಹುರಿ ಹಿಡಿಯುತ್ತಿದ್ದವನು ಸಣ್ಣೀರ. ಹೆಸರಷ್ಟೇ ಸಣ್ಣ, ಆಳು ಬಾಗಿಲಿನಷ್ಟಗಲ. ಮಾತು ಕಡಿಮೆ. ನನ್ನ ಅಕ್ಕ ವಾರಿಜ ಲಡಿಗಳನ್ನೆಲ್ಲ ಎಣಿಸಿ ಕಟ್ಟಿಸಿ ಎಲ್ಲರನ್ನೂ ಇಳಿಸಿ ಕೊನೆಗೆ ಇಳಿಯುವವಳು. ಹಾಗಾಗಿ ಸಣ್ಣೀರನ ಕೊನೆಯ ಹುರಿ ಯಾವಾಗಲೂ ಅವಳದು. ಅವಳು ಮೇಲಿನಿಂದ ಬಗ್ಗಿ ಏನಾದರೂ ಕೇಳುತ್ತಿದ್ದಳು, "ಮಗ್ಗ ರಿಪೇರಿ ಆಯ್ತಾ?" ಅವನು ಕೆಳಗಿನಿಂದ, "ಆಗುತ್ತೆ" ಅನ್ನುತ್ತಿದ್ದ. "ನಿಮ್ಮಮ್ಮನ ಕೆಮ್ಮು?" "ಇದೆ." ಇಷ್ಟಕ್ಕೆ ಅವಳು ಹುರಿ ಬಿಡುತ್ತಿದ್ದಳು, ಅವನು ಹಿಡಿಯುತ್ತಿದ್ದ. ಮಾತಾಡುವಷ್ಟು ಹೊತ್ತೂ ಒಬ್ಬರು ಮೇಲೆ, ಇನ್ನೊಬ್ಬರು ಕೆಳಗೆ. ಅವಳು ಕೆಳಗೆ ಬಂದಾಗ ಅವನು ಮೇಲಿರುತ್ತಿದ್ದ.

ಆದರೆ ಇಬ್ಬರೂ ದಿನವೂ ನಿಲ್ಲುತ್ತಿದ್ದದ್ದು ಒಂದೇ ಬಂಡೆಯ ಮೇಲೆ. ಬೆಳಿಗ್ಗೆ ನಾವು ಮೇಲೆ ಹೋದರೆ ಅಕ್ಕ ಮೊದಲು ಅವನ ಹಾಸುಗಲ್ಲಿನ ಹತ್ತಿರ ಹೋಗುತ್ತಿದ್ದಳು. ಅಲ್ಲಿ ಒಂದು ಚಪ್ಪಟೆ ಕಲ್ಲಿನಡಿ ಏನಾದರೂ ಇರುತ್ತಿತ್ತು. ಒಂದು ಹಿಡಿ ಹುರಿಗಡಲೆ, ಹಣ್ಣಾದ ಎರಡು ಕಾರೆಕಾಯಿ, ಒಮ್ಮೆ ಮರದಲ್ಲಿ ಕೆತ್ತಿದ ಲಾಳಿ. ಸಂಜೆ ಅವಳು ಅಲ್ಲಿ ಇಡುತ್ತಿದ್ದದ್ದು ಅವ್ವ ಮಾಡಿದ ಚಕ್ಕುಲಿ. "ಎಲ್ಲಿ ಹೋಯ್ತೇ ಚಕ್ಕುಲಿ, ಡಬ್ಬ ತುಂಬ ಇತ್ತಲ್ಲ" ಎಂದು ಅವ್ವ ಕೇಳಿದರೆ ಅಕ್ಕ ನನ್ನ ಮುಖ ನೋಡುತ್ತಿದ್ದಳು. "ನಾನೇ ತಿಂದೆ" ಎಂದು ನಾನು ಬೈಸಿಕೊಳ್ಳುತ್ತಿದ್ದೆ.

ಮದುವೆಯ ಮಾತು ಇಬ್ಬರ ಬಾಯಲ್ಲೂ ಬರಲಿಲ್ಲ. ಹುರಿ ಬಿಡುವವರೂ ಹಿಡಿಯುವವರೂ ಒಂದೇ ಮನೆಯಲ್ಲಿದ್ದರೆ ಹುರಿ ಕೆಲಸ ಮಾಡುವುದಿಲ್ಲ ಎಂದು ಊರು ನಂಬಿತ್ತು. ಪರೀಕ್ಷೆ ಮಾಡಿದವರು ಯಾರೂ ಇರಲಿಲ್ಲ, ಅಷ್ಟು ಧೈರ್ಯ ಯಾರಿಗೆ. ಮೇಲೆ ಸಿಕ್ಕಿಕೊಂಡು ಉಳಿದುಬಿಡುವ ಹೆದರಿಕೆ ಹಗುರದವರಿಗೆ ಹಾಲಿನ ಜೊತೆಗೇ ಬಂದದ್ದು. ಅಕ್ಕನಿಗೆ ಬಂದ ಎರಡು ಮೂರು ಸಂಬಂಧಗಳನ್ನು ಅವಳೇ ಬೇಡವೆಂದಳು. ಅವ್ವ ಕಾರಣ ಕೇಳಿ ಕೇಳಿ ಸುಮ್ಮನಾದಳು.

ಆ ವರ್ಷ ನಮ್ಮ ಶಾಲೆಗೆ ಬಯಲಿನಿಂದ ಫಿಲೋಮಿನಾ ಟೀಚರ್ ಬಂದರು, ವಿಜ್ಞಾನಕ್ಕೆ. ಅವರು ಹಗುರವೂ ಅಲ್ಲ, ತೂಕವೂ ಅಲ್ಲ; ಗಾಳಿಗೆ ಅವರ ಛತ್ರಿ ಮಾತ್ರ ಹಾರುತ್ತಿತ್ತು. ಶಾಲೆಯ ವಾರ್ಷಿಕೋತ್ಸವದ ದಿನ ಅವರು ಮೊಳದುದ್ದದ ಒಂದು ಗಾಜಿನ ಕೊಳವೆ ತಂದು ಮೇಜಿನ ಮೇಲಿಟ್ಟರು. ಎರಡು ತುದಿಗೂ ಪುಟ್ಟ ಕನ್ನಡಿ. ಊರಿಗೆ ಊರೇ ನೋಡಲು ಬಂದಿತ್ತು. ಟೀಚರ್ ಕರೆಂಟು ಹಾಕಿದರು. ಕೊಳವೆಯ ಒಳಗೆ ಮಂಕು ಬೆಳಕು ತುಂಬಿ, ಎದುರು ಗೋಡೆಯ ಮೇಲೆ ಕುಂಕುಮದ ಬೊಟ್ಟಿನಂತೆ ಕೆಂಪು ಚುಕ್ಕೆ ಕೂತಿತು. ಅವರು ವಿವರಿಸಿದರು. ಇದರೊಳಗೆ ಎರಡು ಅನಿಲ ಇವೆ, ಹೀಲಿಯಂ ಮತ್ತು ನಿಯಾನ್. ಪರಮಾಣುವಿನಲ್ಲಿ ಎಲೆಕ್ಟ್ರಾನಿಗೆ ಗೊತ್ತಾದ ಮಟ್ಟಗಳಲ್ಲಿ ಮಾತ್ರ ಇರಲು ಸಾಧ್ಯ, ನಡುವೆ ಎಲ್ಲೂ ಇಲ್ಲ. ಕರೆಂಟಿನ ಪೆಟ್ಟು ಬಿದ್ದಾಗ ಹೀಲಿಯಂ ಮೇಲಿನ ಮಟ್ಟಕ್ಕೆ ಏರುತ್ತದೆ, ಆದರೆ ಅಲ್ಲಿಂದ ತಾನಾಗಿ ಇಳಿಯಲಾರದು. ನಿಯಾನಿಗೆ ಡಿಕ್ಕಿ ಹೊಡೆದು ತನ್ನ ಎತ್ತರವನ್ನು ಅದಕ್ಕೆ ಕೊಟ್ಟು ಕೆಳಗೆ ಬರುತ್ತದೆ. ಆ ನಿಯಾನ್ ಇಳಿಯುವಾಗ ಬರುವುದೇ ಈ ಕೆಂಪು.

ಟೀಚರ್ ಸುತ್ತ ನೋಡಿ, "ನಿಮಗೆ ಆಶ್ಚರ್ಯ ಆಗ್ತಾ ಇಲ್ವಾ?" ಎಂದು ಕೇಳಿದರು. ಮುಂದೆ ಕೂತಿದ್ದ ಪುಟ್ಟತಾಯಮ್ಮ ನಮ್ಮ ಬೀದಿಯ ಹಿರಿಯಳು, ಹಲ್ಲಿಲ್ಲದ ಬಾಯಿ. ಅವಳು ಕೊಳವೆಯ ಹತ್ತಿರ ಮುಖ ತಂದು, "ಆಶ್ಚರ್ಯ ಏನಮ್ಮ ಇದರಲ್ಲಿ, ಇನ್ನು ಹ್ಯಾಗೆ ಇಳೀಬೇಕು ಅವು" ಎಂದಳು. ಆಮೇಲೆ ಸ್ವಲ್ಪ ಹೊತ್ತು ನೋಡಿ, "ಪಾಪ, ಎಷ್ಟು ಇಕ್ಕಟ್ಟಿನಲ್ಲಿ ಇಟ್ಟಿದೀಯಲ್ಲ. ಸ್ವಲ್ಪ ದಪ್ಪ ಕೊಳವೆ ಸಿಗಲಿಲ್ವಾ?" ಎಂದು ಕೇಳಿದಳು.

"ಒಳಗಿನ ದಾರಿ ಸಪೂರವೇ ಇರಬೇಕಜ್ಜಿ" ಎಂದರು ಟೀಚರ್. "ಕೆಂಪು ಕೊಟ್ಟ ಮೇಲೂ ನಿಯಾನ್ ಪೂರ್ತಿ ಕೆಳಗೆ ಬಂದಿರಲ್ಲ. ಒಂದು ಮಟ್ಟದಲ್ಲಿ ಸಿಕ್ಕಿಕೊಂಡಿರುತ್ತೆ. ಗೋಡೆಗೆ ತಗುಲಿದರೇನೇ ಅದು ಬುಡ ಸೇರೋದು. ಅಗಲ ಮಾಡಿದರೆ ಗೋಡೆ ಸಿಗಲ್ಲ. ಎಲ್ಲ ನಡುವೆಯೇ ನಿಂತುಬಿಡುತ್ತವೆ, ಬೆಳಕು ಹೋಗುತ್ತೆ."

ಆ ಮಾತು ಹೇಳುತ್ತಿದ್ದ ಹಾಗೇ ಟೀಚರ್ ತಟ್ಟನೆ ನಿಲ್ಲಿಸಿ, ಪುರಸಭೆಯ ಅಧ್ಯಕ್ಷ ವೃಷಭೇಂದ್ರಯ್ಯನವರ ಕಡೆ ನೋಡಿದರು. ಗೋಡೆಸಂದಿಯನ್ನು ಅಗಲ ಮಾಡಿ, ಬಸ್ಸು ತಿರುಗಲು ಜಾಗವಿದ್ದ ಕೆಳಮಜಲಿನವರೆಗೆ ಅದು ಬರುವಂತೆ ಮಾಡುವುದಾಗಿ ಅವರು ಅದೇ ವೇದಿಕೆಯಲ್ಲಿ ಆಗಷ್ಟೇ ಭಾಷಣ ಮಾಡಿ ಕೂತಿದ್ದರು. ಅವರು ನಕ್ಕು, "ಕೊಳವೆ ಬೇರೆ, ಊರು ಬೇರೆ ಟೀಚರ್" ಎಂದರು. ಅವರು ಕೆಟ್ಟವರಲ್ಲ. ತೂಕದವರ ಪೈಕಿ. ಹುಟ್ಟಿನಿಂದಲೇ ಹಗುರವಾಗಿದ್ದು ಹಗುರದ ಮನೆಗೆ ದತ್ತು ಹೋಗಿದ್ದ ತಮ್ಮ ಸೋದರತ್ತೆ ಹೊನ್ನಮ್ಮನಿಗೆ ಆಗಲೂ ತಾವೇ ಹುರಿ ಹಿಡಿಯುತ್ತಿದ್ದರು. ಬಸ್ಸು ಅವರೊಬ್ಬರ ಆಸೆಯೂ ಆಗಿರಲಿಲ್ಲ. ಹೆರಿಗೆಗೆಂದು ಬಯಲಿನ ಆಸ್ಪತ್ರೆಗೆ ಗಾಡಿಯಲ್ಲಿ ಕುಲುಕಿಸಿಕೊಂಡು ಹೋದ ಹೆಂಗಸರೆಲ್ಲ ಬಸ್ಸು ಬೇಕೆಂದಿದ್ದರು. ಮೊಣಕಾಲು ನೋವಿನ ನನ್ನ ಅವ್ವನೂ. "ಗೋಡೆ ಕಟ್ಟಿಕೊಂಡು ಏನು ಮಾಡ್ತೀರಿ, ರಸ್ತೆ ಆಗಲಿ" ಎಂದು ನಮ್ಮ ಜಗಲಿಯ ಮೇಲೆ ಕೂತು ಅವಳೇ ಹೇಳಿದ್ದನ್ನು ನಾನು ಕೇಳಿದ್ದೇನೆ.

ಗೋಡೆ ಕೆಡವಿದ್ದು ಬೇಸಿಗೆಯ ಒಂದು ಹಗಲು. ನಾವೆಲ್ಲ ಮೇಲ್ಮಜಲಿನಲ್ಲಿದ್ದೆವು. ಸಲಿಕೆ ಹಾರೆಗಳ ಸದ್ದು ಮೇಲಕ್ಕೆ ಕೇಳುತ್ತಿತ್ತು. ಬಿಳಿ ಧೂಳು ಏಳುತ್ತಿತ್ತು. ಅಕ್ಕ ಒಂದೆರಡು ಸಲ ಅಂಚಿಗೆ ಹೋಗಿ ನೋಡಿ ಬಂದಳು. ಸಂಜೆ ಎಂದಿನ ಹಾಗೆ ತೂಕದವರು ಬಂಡೆಯ ಬುಡಕ್ಕೆ ಬಂದರು, ಹುರಿಗಳು ಇಳಿದವು. ಮೊದಲ ಸರದಿಯಲ್ಲಿ ನಾನೂ ಇಳಿದೆ. ನನ್ನ ಹುರಿ ಹಿಡಿದವನು ಪಕ್ಕದ ಬೀದಿಯ ಮುದುಕ. ಸಣ್ಣೀರನ ತಾಯಿಗೆ ಆ ದಿನ ಕೆಮ್ಮು ಜೋರಾಗಿ ಅವನು ಬರುವುದು ತಡವಾಗಿತ್ತು. ಕೆಂಪು ಗೆರೆ ಎಂದಿನ ಹಾಗೆಯೇ ಬಯಲಿಗೆ ಹೊರಟಿತು. ನಾವು ತಲೆಯೆತ್ತಿ ನೋಡಿ, ಎಲ್ಲ ಸರಿಯಾಗಿದೆ ಎಂದುಕೊಂಡೆವು.

ಆದರೆ ಹೋದವರು ಮತ್ತೆ ಹುರಿ ಹಿಡಿಯಲು ಬರಲಿಲ್ಲ. ಹೊಸ ರಸ್ತೆಯ ತುದಿಗೆ ಓಡಿ ಹೋಗಿ ನೋಡಿದೆವು. ಕೆಳಮಜಲಿನ ಅಂಚಿನಲ್ಲಿ ಅವರೆಲ್ಲ ಲಡಿಗಳನ್ನು ಹೊತ್ತು ನಿಂತಿದ್ದರು. ಕೈಗಳನ್ನು ಅಗಲಿಸಿ ಕತ್ತಲೆಯಲ್ಲಿ ತಡಕುವವರ ಹಾಗೆ ಗಾಳಿಯನ್ನು ತಡಕುತ್ತಿದ್ದರು. ಹೆಜ್ಜೆ ಎತ್ತಿದರೆ ಕಾಲು ಎತ್ತಿದಲ್ಲೇ ಬೀಳುತ್ತಿತ್ತು. ಅವರ ಮುಂದೆ ಎತ್ತಿನಗಾಡಿ ಎರಡು ಜೊತೆಯಾಗಿ ಹೋಗುವಷ್ಟು ಅಗಲದ ರಸ್ತೆ ನುಣ್ಣಗೆ ಮಲಗಿತ್ತು. ಅದರ ಬುಡದಲ್ಲಿ ನಾವು, ತಲೆಯಲ್ಲಿ ಅವರು. ಮಾತು ಕೇಳುವಷ್ಟು ಹತ್ತಿರ. ಒಬ್ಬ ಹುಡುಗಿ ಅಪ್ಪನನ್ನು ಕರೆದು ಅಳತೊಡಗಿದಳು.

ಬಂಡೆಯ ಬುಡದಲ್ಲಿ ಆಗ ಉಳಿದಿದ್ದ ತೂಕದವರು ಕೆಲವೇ ಮಂದಿ. ವೃಷಭೇಂದ್ರಯ್ಯನವರು ಅಲ್ಲಿಗೆ ಬಂದು, ನಡೆದದ್ದನ್ನು ಕೇಳಿ, ತಲೆಯೆತ್ತಿ ನೋಡಿದರು. ಮೇಲೆ ಇನ್ನೂ ಅರ್ಧ ಊರು ಇತ್ತು. ಈಗ ಹುರಿ ಹಿಡಿದವರು ಮೇಲೆ ಹೋಗಿ, ಇಳಿದು, ಕೆಳಮಜಲಿನಲ್ಲಿ ಸಿಕ್ಕಿಕೊಳ್ಳುವುದು ಖಂಡಿತ. ಅಧ್ಯಕ್ಷರು ಛತ್ರಿಯನ್ನು ಕಂಕುಳಿಗೆ ಸೇರಿಸಿ, "ಹೊನ್ನತ್ತೆ, ಬಿಡು" ಎಂದು ಕೂಗಿದರು. ಮುದುಕಿ ಕೆಳಗೆ ಬಂತು, ಅಧ್ಯಕ್ಷರು ಮೇಲೆ ಹೋದರು, ಕೆಂಪಾಗಿ ಇಳಿದು ಉಳಿದವರ ಜೊತೆ ಕೆಳಮಜಲಿನಲ್ಲಿ ನಿಂತರು. ಅವರನ್ನು ನೋಡಿ ಮಿಕ್ಕವರೂ ಒಬ್ಬೊಬ್ಬರಾಗಿ ಹುರಿ ಹಿಡಿದರು. ಕೊನೆಗೆ ಸಣ್ಣೀರ ಬಂದ. ಬುಡದಲ್ಲಿ ತೂಕದವನು ಅವನೊಬ್ಬನೇ.

ಅವನು ಸುತ್ತ ನೋಡಿದ. ಏನಾಗಿದೆ ಎಂದು ನಾನು ಹೇಳುವ ಮೊದಲೇ ಅವನಿಗೆ ತಿಳಿದಿತ್ತು. ಮೇಲೆ ನೋಡಿ ಕೂಗಿದ; ಅವನು ಅಷ್ಟು ಜೋರಾಗಿ ಕೂಗಿದ್ದನ್ನು ನಾನು ಅದಕ್ಕೂ ಮೊದಲು ಕೇಳಿರಲಿಲ್ಲ. "ವಾರಿಜಾ, ನಿನ್ನ ಹುರಿ ಬಿಡು."

ಅಕ್ಕ ಅಂಚಿಗೆ ಬಂದಳು. "ಉಳಿದವರು?" ಎಂದಳು.

"ನಿನ್ನದು ಬಿಡು ಅಂದೆ."

ಅವಳು ಹಿಂದೆ ಸರಿದಳು. ಸ್ವಲ್ಪ ಹೊತ್ತಿಗೆ ಹುರಿ ಇಳಿಯಿತು, ಅವಳು ಯಾವಾಗಲೂ ಬಿಡುತ್ತಿದ್ದ ನೀಲಿ ಹುರಿಯೇ. ಸಣ್ಣೀರ ಕುಪ್ಪಳಿಸಿ ಹಿಡಿದ. ಕೆಳಗೆ ಬಂದು ನಿಂತದ್ದು ಅಕ್ಕ ಅಲ್ಲ, ಪುಟ್ಟತಾಯಮ್ಮ. ಮುದುಕಿ ಬಿದ್ದುಹೋಗುವವಳಂತೆ ತೂಗಾಡಿ ನನ್ನ ತೋಳು ಹಿಡಿದುಕೊಂಡು, "ಬೇಡ ಅಂದೆ ಕಣೇ, ತುದಿ ನನ್ನ ಕೈಗೆ ಸುತ್ತಿಬಿಟ್ಟಳು" ಎಂದು ಹೇಳಿ ಅತ್ತಳು.

ಹೀಗೆ ಅವರಿಬ್ಬರೂ ಮೊದಲ ಸಲ ಒಂದೇ ಹೊತ್ತಿನಲ್ಲಿ ಮೇಲ್ಮಜಲಿನಲ್ಲಿದ್ದರು. ಅಲ್ಲಿ ಏನಾಯಿತು ಎಂಬುದನ್ನು ಅಕ್ಕ ನನಗೆ ವರ್ಷಗಳ ಮೇಲೆ ಚೂರು ಚೂರಾಗಿ ಹೇಳಿದ್ದು. ಸಣ್ಣೀರ ಅವಳನ್ನು ಕಂಡು ಮೊದಲು ಸಿಟ್ಟಾದನಂತೆ. "ನೀನು ಮೋಸ ಮಾಡಿದೆ" ಎಂದನಂತೆ. ಅವಳು, "ಪುಟ್ಟತ್ತೆಗೆ ಇಲ್ಲಿ ರಾತ್ರಿ ಚಳಿ ತಡೆಯೋಕಾಗಲ್ಲ, ನನಗೆ ಆಗುತ್ತೆ" ಎಂದಳಂತೆ. ಅಷ್ಟು ವರ್ಷ ಕೂಗಿ ಮಾತಾಡಿದವರಿಗೆ ಮೆಲ್ಲಗೆ ಮಾತಾಡಲು ಬರುತ್ತಿರಲಿಲ್ಲ. ಉಳಿದಿದ್ದ ಹೆಂಗಸರು ಬೇಕೆಂದೇ ಆ ಕಡೆ ತಿರುಗಿ ಲಡಿ ಎಣಿಸಿದರಂತೆ, ಎಣಿಸಿದ್ದನ್ನೇ ಎಣಿಸಿದರಂತೆ. ತೂಕದವರಿಗೆ ಮೇಲೆ ಬಹಳ ಹೊತ್ತು ನಿಲ್ಲಲು ಆಗುವುದಿಲ್ಲ, ಮೈಯೇ ಎಳೆಯುತ್ತದೆ. ಸಣ್ಣೀರ ಹಾಸುಗಲ್ಲನ್ನು ಎರಡು ಕೈಯಲ್ಲಿ ಬಿಗಿಯಾಗಿ ಹಿಡಿದು ಕೂತಿದ್ದನಂತೆ, ಬೆವರುತ್ತಿದ್ದನಂತೆ. "ಹೋಗಬಾರದಾ" ಎಂದು ಅಕ್ಕ ಕೇಳಿದಳು. "ಹೋಗಿ ಕೆಳಮಜಲಲ್ಲಿ ನಿಲ್ಲೋದು ತಾನೆ. ಇಲ್ಲೇ ಇರ್ತೀನಿ" ಎಂದನು.

ಕೆಳಗೆ ನಾವು ಕೆಂಪಿಗಾಗಿ ಕಾಯುತ್ತಿದ್ದೆವು. ಅದು ಬರಲಿಲ್ಲ. ಫಿಲೋಮಿನಾ ಟೀಚರ್ ಬಂದಿದ್ದರು. ಕೆಡವಿದ ಕಲ್ಲುಗಳನ್ನು ಮತ್ತೆ ಪೇರಿಸಿ ಎಂದು ಆಳುಗಳಿಗೆ ಹೇಳುತ್ತಿದ್ದರು. ಆದರೆ ಆ ಕಲ್ಲುಗಳು ಆಗಲೇ ಜಲ್ಲಿಯಾಗಿದ್ದವು. ಆಗ ನನ್ನ ಅವ್ವ ಮೊಣಕಾಲು ಹಿಡಿದುಕೊಂಡು ಎದ್ದಳು. ಮೈಯಲ್ಲಿ ಎತ್ತರ ಇಲ್ಲದವರಿಗೆ ಅದು ಬರೀ ರಸ್ತೆ; ಅದರ ನಡುವಿನಲ್ಲಿ ಕುಂಟುತ್ತ ಹತ್ತಿ, ಕೆಳಮಜಲಿನ ಅಂಚಿನವರೆಗೆ ಹೋಗಿ ನಿಂತಳು. ಅವಳ ಎದುರಿಗೆ ನನ್ನ ಹುರಿ ಹಿಡಿದಿದ್ದ ಆ ಮುದುಕ ಕೈ ಚಾಚಿಕೊಂಡು ನಿಂತಿದ್ದ. "ನನ್ನ ಭುಜ ಮುಟ್ಟಪ್ಪ" ಎಂದಳು ಅವ್ವ. ಅವನು ಹಿಂಜರಿದ. "ಕಲ್ಲು ಅಂದ್ಕೋ" ಎಂದಳು. ಅವನು ಅಂಗೈ ಊರಿದ. ಮರುಕ್ಷಣ ಪೇಟೆಯಲ್ಲಿ ನಮ್ಮ ನಡುವೆ ನಿಂತಿದ್ದ. ಅವ್ವನ ಮುಖ ಒಲೆಯ ಮುಂದೆ ಕೂತವಳ ಹಾಗೆ ಕೆಂಪೇರಿತ್ತು. "ಬೆಚ್ಚಗಾಗುತ್ತೆ ಅಷ್ಟೇ" ಎಂದು ನಮ್ಮ ಕಡೆ ತಿರುಗಿ ಹೇಳಿದಳು. "ಏನು ನೋಡ್ತಾ ನಿಂತಿದೀರಿ, ಬನ್ನಿ."

ಹೋದೆವು. ಹೆಂಗಸರು, ಗಂಡಸರು, ಹಗುರದವರೆಲ್ಲ ಎರಡು ಸಾಲಾಗಿ, ಭುಜಕ್ಕೆ ಭುಜ ತಾಗಿಸಿ ನಿಂತೆವು. ನಡುವೆ ಹಳೆಯ ಸಂದಿಯಷ್ಟೇ ಅಗಲ ಬಿಟ್ಟೆವು. ಅಳತೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಟೀಚರೂ ಸೀರೆಯ ಸೆರಗು ಸಿಕ್ಕಿಸಿಕೊಂಡು ಸಾಲಿನಲ್ಲಿ ನಿಂತರು. ತೂಕದವರು ಒಬ್ಬೊಬ್ಬರಾಗಿ ಬಂದು ನಮ್ಮನ್ನು ಮುಟ್ಟಿ ಇಳಿದರು. ಕೆಲವರು ಕಣ್ಣು ಮುಚ್ಚಿಕೊಂಡು ಮುಟ್ಟಿದರು, ಕೆಲವರು ಕ್ಷಮೆ ಕೇಳುತ್ತ. ಮುಟ್ಟಿದ ಜಾಗದಿಂದ ಬಿಸಿ ಹೊಟ್ಟೆಯವರೆಗೆ ಇಳಿಯುತ್ತಿತ್ತು. ಚಳಿಯಲ್ಲಿ ಬಿಸಿ ಗಂಜಿ ಕುಡಿದ ಹಾಗೆ. ಇಳಿದವರು ಬಂಡೆಯ ಬುಡಕ್ಕೆ ಓಡಿದರು, ಹುರಿಗಳು ಇಳಿದವು, ಮೇಲಿನವರು ಬರತೊಡಗಿದರು.

ಅಕ್ಕ ಎಂದಿನಂತೆ ಎಲ್ಲರನ್ನೂ ಇಳಿಸಿದ ಮೇಲೆಯೇ ತನ್ನ ಹುರಿ ಬಿಟ್ಟದ್ದು. ಅದನ್ನು ಹಿಡಿದವರು ವೃಷಭೇಂದ್ರಯ್ಯ. ಛತ್ರಿ ಇನ್ನೂ ಕಂಕುಳಲ್ಲೇ ಇತ್ತು. ಅವರು ಕುಪ್ಪಳಿಸಿ ಮಾಯವಾದರು, ಅಕ್ಕ ಕೆಳಗೆ ನಿಂತಿದ್ದಳು. ಅವಳು ಓಡಿ ಬಂದು ನನ್ನ ಪಕ್ಕ ಸಾಲಿನ ಕೊಟ್ಟಕೊನೆಯಲ್ಲಿ ನಿಂತಳು. ಏದುಸಿರು ಬಿಡುತ್ತಿದ್ದಳು. ಆಗ ಮೇಲೆ ಸಣ್ಣೀರನ ಕೆಂಪು ಹೊತ್ತಿತು. ಅಷ್ಟು ಹೊತ್ತು ಹಿಡಿದಿಟ್ಟದ್ದಕ್ಕೋ ಏನೋ, ಅಂಥ ಕೆಂಪನ್ನು ನಾನು ಆಮೇಲೆ ಎಂದೂ ನೋಡಲಿಲ್ಲ. ಗೆರೆ ಬಯಲಿಡೀ ಹಾಯ್ದು ಆಚೆ ಬೆಟ್ಟಕ್ಕೆ ಹೋಗಿ ಮುಟ್ಟಿತು. ಅಧ್ಯಕ್ಷರು ಸಾಲಿನ ತಲೆಯಲ್ಲೇ ಒಬ್ಬರನ್ನು ಮುಟ್ಟಿ ಇಳಿದರು.

ಸಣ್ಣೀರ ಬಂದ. ನಮ್ಮ ಸಾಲುಗಳ ನಡುವೆ ಅವನು ತನ್ನ ಅಗಲ ಭುಜಗಳನ್ನು ಕುಗ್ಗಿಸಿ, ಕೈಗಳನ್ನು ಎದೆಗೆ ಒತ್ತಿಕೊಂಡು, ಯಾರಿಗೂ ತಾಗದ ಹಾಗೆ ನಡೆದು ಬಂದ. ಮೇಲುಗಡೆ ನಿಂತವರು, "ಮುಟ್ಟೋ, ಮುಟ್ಟು" ಎಂದರು. ಅವನು ಮುಟ್ಟಲಿಲ್ಲ. ಹೆಜ್ಜೆ ಮಣಭಾರವಾಗಿತ್ತು, ಒಂದೊಂದು ಹೆಜ್ಜೆಯನ್ನೂ ಅವನು ಕಿತ್ತು ಕಿತ್ತು ಇಡುತ್ತಿದ್ದ. ಸಾಲಿನ ತುದಿಗೆ ಬಂದು, ಅಕ್ಕನ ಎದುರು ನಿಂತು, ಅವಳ ಮುಖ ನೋಡಿದ. ಊರೆಲ್ಲ ನೋಡುತ್ತಿತ್ತು. ಅಕ್ಕ, "ಕೈ ಕೊಡು" ಎಂದಳು. ಅವನು ಕೊಟ್ಟ.

ಮುಂದಿನ ತಿಂಗಳು ಅವರ ಮದುವೆ. ಬೇಡ ಎನ್ನುವ ಬಾಯಿ ಊರಲ್ಲಿ ಯಾರಿಗೂ ಉಳಿದಿರಲಿಲ್ಲ. ಮದುವೆಯ ದಿನ ಪುಟ್ಟತಾಯಮ್ಮ ಎಲ್ಲರಿಗೂ ಹೇಳಿದ್ದನ್ನೇ ಹೇಳಿದಳು, ತನ್ನ ಕೈಗೆ ಹುರಿ ಸುತ್ತಿದ್ದನ್ನು. ಮದುವೆಯ ಮೇಲೂ ಅಕ್ಕ ಬಿಟ್ಟ ಹುರಿಯನ್ನು ಸಣ್ಣೀರನೇ ಹಿಡಿದ, ಹುರಿ ಕೆಲಸ ಮಾಡಿತು. ಕೆಲವು ಕಾಲ ನಾವು ಸರದಿಯ ಮೇಲೆ ರಸ್ತೆಯಲ್ಲಿ ನಿಂತೆವು. ಇವತ್ತು ಈ ಬೀದಿ, ನಾಳೆ ಆ ಬೀದಿ. ಈಗ ನೆನೆದರೆ ನನ್ನ ಜೀವನದ ಒಳ್ಳೆಯ ದಿನಗಳು ಅವೇ. ಸಾಲಿನಲ್ಲಿ ನಿಂತು ಎದುರಿನವರ ಜೊತೆ ಹರಟುತ್ತಿದ್ದೆವು, ಒಬ್ಬರ ಮನೆಯ ಸಾರಿನ ವಿಚಾರ ಇನ್ನೊಬ್ಬರಿಗೆ ಗೊತ್ತಾಗುತ್ತಿತ್ತು. ನನಗೆ ಗಂಡನಾದವನು ನನ್ನ ಭುಜ ಮುಟ್ಟಿ ಇಳಿಯುತ್ತಿದ್ದವರಲ್ಲಿ ಒಬ್ಬ.

ಆಮೇಲೆ ಬಸ್ಸು ಬಂತು. ಕೆಳಮಜಲಿನಲ್ಲಿ ನಿಂತವರು ಅದನ್ನು ಹತ್ತಿದರೆ ಪೇಟೆಗೆ ಬಂದುಬಿಡುತ್ತಿದ್ದರು, ಯಾರನ್ನೂ ಮುಟ್ಟಬೇಕಿರಲಿಲ್ಲ. ಸುಖವೇ. ಆದರೆ ಬಸ್ಸು ಬಂದಾಗ ಬರುವುದು. ಇಳಿದವರು ಮತ್ತೆ ಹುರಿ ಹಿಡಿಯುವಷ್ಟರಲ್ಲಿ ಹೊತ್ತು ಮುಗಿದಿರುತ್ತಿತ್ತು. ಗೆರೆ ದಿನದಿಂದ ದಿನಕ್ಕೆ ಸಣ್ಣದಾಯಿತು, ಮಧ್ಯೆ ಮಧ್ಯೆ ತಪ್ಪಿತು. ಬಯಲಿನಲ್ಲಿ ನೂಲು ಒಣಗಿಸುವ ಯಂತ್ರ ಬಂದ ಮೇಲೆ ಮೇಲ್ಮಜಲಿಗೆ ಹೋಗುವ ಕೆಲಸವೇ ನಮಗೆ ಉಳಿಯಲಿಲ್ಲ. ಒಂದು ಸಂಜೆ ಗೆರೆ ಬರಲಿಲ್ಲ. ಅದು ಕೊನೆ ಎಂದು ಆ ಸಂಜೆ ಯಾರಿಗೂ ತಿಳಿಯಲಿಲ್ಲ. ಕೆರೆಯ ತೂಬಿನ ಹಳ್ಳಿಯವರು ಬಹಳ ದಿನ ನಮ್ಮವರನ್ನು ಸಂತೆಯಲ್ಲಿ ಕಂಡಾಗಲೆಲ್ಲ ಕೇಳುತ್ತಿದ್ದರಂತೆ, "ಏನಾಯ್ತು ನಿಮ್ಮದು?"

ಅವ್ವ ಆ ಬಸ್ಸಿನಲ್ಲಿ ಆಸ್ಪತ್ರೆಗೆ ಹೋಗಿ ಬಂದು ಮಾಡಿಕೊಂಡು ಇನ್ನೂ ಬಹಳ ವರ್ಷ ಬದುಕಿದಳು. ಅದನ್ನೂ ಹೇಳಬೇಕು. ಬಸ್ಸನ್ನು ಅವಳು ಒಂದು ದಿನವೂ ಬೈಯಲಿಲ್ಲ.

ಈಗ ರಸ್ತೆಯ ಎರಡು ಕಡೆ ಅಂಗಡಿಗಳಾಗಿವೆ. ಮೊಬೈಲಿನದು, ಬೇಕರಿ, ಒಂದು ಔಷಧಿಯದು. ಸಣ್ಣೀರ ಭಾವನಿಗೆ ಕಣ್ಣು ಮಂಜಾಗಿದೆ, ನೆನಪೂ ಆಗಾಗ ಜಾರುತ್ತದೆ. ಆದರೂ ಸಂಜೆ ಕೆಳಮಜಲಿನವರೆಗೆ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ರಸ್ತೆಗುಂಟ ನಡೆದೇ ಇಳಿಯಬೇಕೆಂದು ಹಟ. ಈಗ ಎಲ್ಲರೂ ನಡೆದು ಇಳಿಯುತ್ತಾರೆ. ಯಾವಾಗಿನಿಂದ ಹಾಗಾಯಿತೋ ಗೊತ್ತಿಲ್ಲ. ಭಾವ ಮಾತ್ರ ರಸ್ತೆಯ ತಲೆಗೆ ಬಂದ ಕೂಡಲೆ ನಿಂತುಬಿಡುತ್ತಾರೆ. ಹೆಜ್ಜೆ ಏಳುವುದಿಲ್ಲ. ಎರಡೂ ಕೈಗಳನ್ನು ಮೆಲ್ಲಗೆ ಅಗಲಿಸಿ, ಆ ಕಡೆ ಈ ಕಡೆ ತಡಕುತ್ತಾರೆ.

ಆಗ ಅಕ್ಕ ಅವರ ಬಲಗೈಯ ಅಡಿಗೆ ಹೋಗಿ ನಿಲ್ಲುತ್ತಾಳೆ, ನಾನು ಎಡಗೈಯ ಅಡಿಗೆ. ಅಂಗೈ ಭುಜ ಮುಟ್ಟಿದ್ದು ಗೊತ್ತಾದ ಮೇಲೆ ಭಾವ ಹೊರಡುತ್ತಾರೆ. ಮೂವರೂ ಸಾಲಾಗಿ ರಸ್ತೆಯ ನಟ್ಟನಡುವೆ, ಅವಸರವಿಲ್ಲದೆ ಇಳಿಯುತ್ತೇವೆ. ಹಿಂದೆ ಆಟೋದವರು ಹಾರನ್ ಬಾರಿಸುತ್ತಾರೆ, ಬಸ್ಸಿನವನು ಕಿಟಕಿಯಿಂದ ತಲೆ ಹೊರಹಾಕಿ, "ಅಜ್ಜಿ, ಒಂದು ಸೈಡಿಗೆ ಬನ್ನಿ" ಎನ್ನುತ್ತಾನೆ. ಅಕ್ಕ ತಿರುಗಿಯೂ ನೋಡುವುದಿಲ್ಲ. "ಬಸ್ಸಿನವನು ಹಿಂದೆ ಬರ್ತಾನೆ ತಡಿ, ಅವನಿಗೇನು ಅವಸರ" ಎಂದು ನನಗೆ ಹೇಳಿ, ಭುಜವನ್ನು ಇನ್ನೂ ಸ್ವಲ್ಪ ಎತ್ತರಿಸಿ ಕೊಡುತ್ತಾಳೆ.